ಪಾರ್ಕಿನ ಗೇಟಿನಲ್ಲಿ ಅರ್ಧ ನಿಮಿಷ

ಅಜ್ಜಿಯ ಕತೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ, ಗವಿಯೊಳಗೆ, ಪಂಜರದ ಗಿಳಿಯಲ್ಲಿ ಇರುತ್ತದಲ್ಲ, ಹಾಗೆ ಆ ಮೂರನೇ ಮಹಡಿಯ ಮನೆಯ ಜೀವವೆಲ್ಲ ಬೆಳಗಿನ ಒಂಬತ್ತೂವರೆಯ ನಿದ್ದೆಯಲ್ಲಿತ್ತು. ಆ ನಿದ್ದೆಯ ಒಡೆಯನಿಗೆ ಎಂಟು ತಿಂಗಳು, ಎರಡೇ ಹಲ್ಲು. ಅಪ್ಪ ಬೇಕರಿಯಲ್ಲಿ ಬ್ರೆಡ್ ಮಾಡುವವನಾದ್ದರಿಂದ ಮಗನಿಗೆ ಬನ್ನು ಎಂದೇ ಹೆಸರು ಬಿದ್ದಿತ್ತು.

ಅಪ್ಪ ನಸುಕಿಗೆ ಮುಂಚೆ ಹೋದವನು ಒಂಬತ್ತಕ್ಕೆ ಮನೆಗೆ ಬರುತ್ತಿದ್ದ. ಕಿವಿಯ ಹಿಂದಿನ ಮೈದಾ ಹಿಟ್ಟು ತೊಳೆದುಕೊಂಡು, ಪರದೆ ಎಳೆದು, ಫ್ಯಾನ್ ಹಾಕಿ, ಮಗನನ್ನು ಎದೆಯ ಮೇಲೆ ಕವುಚಿ ಹಾಕಿಕೊಂಡು ಮಲಗುತ್ತಿದ್ದ. ಹನ್ನೊಂದರವರೆಗೆ ಇಬ್ಬರದೂ ಒಂದೇ ನಿದ್ದೆ. ಅಪ್ಪ ಗೊರಕೆ ಹೊಡೆದರೆ ಮಗ ಶ್ರುತಿ ಹಿಡಿಯುತ್ತಿದ್ದ. ಇರುವುದೇ ಒಂದು ಕೋಣೆ, ಒಂದು ಅಡುಗೆಮನೆ. ಆ ಒಂದೂವರೆ ಗಂಟೆ ಅಮ್ಮ ಚಮಚ ಸಹ ಕೆಳಗಿಡುವಂತಿರಲಿಲ್ಲ. ಬೆಕ್ಕಿನ ಹೆಜ್ಜೆಯಲ್ಲಿ ನಡೆದು ಅಡುಗೆಮನೆಯ ಕಿಟಕಿಗೆ ಬಂದು ನಿಲ್ಲುತ್ತಿದ್ದಳು.

ಕಿಟಕಿಯ ಕೆಳಗೆ ರಸ್ತೆ, ರಸ್ತೆಯಾಚೆ ಪಾರ್ಕು. ಹತ್ತಕ್ಕೆ ಸರಿಯಾಗಿ ಅಲ್ಲಿ ಬೀದಿಯ ತಾಯಂದಿರೆಲ್ಲ ಸೇರುತ್ತಿದ್ದರು. ದೊಡ್ಡ ಮರದ ಕೆಳಗೆ ನೀಲಿ ಚಾಪೆ ಹಾಸಿ, ನಡುವೆ ಕೂಸುಗಳನ್ನು ಬಿಟ್ಟು, ಸುತ್ತ ಕೂತು ಹರಟುತ್ತಿದ್ದರು. ಮೂರನೇ ಮಹಡಿಗೆ ಅವರ ನಗು ಕೇಳುತ್ತಿತ್ತು, ನಗುವಿಗೆ ಕಾರಣ ಕೇಳುತ್ತಿರಲಿಲ್ಲ.

ಈ ಬೀದಿಗೆ ಬಂದು ಮೂರು ತಿಂಗಳು. ಇಷ್ಟು ದಿನದಲ್ಲಿ ಅವಳು ಬಾಯಿತುಂಬ ಮಾತಾಡಿದ ದೊಡ್ಡವರೆಂದರೆ ಗಂಡ ಒಬ್ಬನೇ, ಅವನೂ ಆಕಳಿಕೆಯ ನಡುವೆ. ಮಾತೆಲ್ಲ ಜೋಜೋ ಆಗಿ, ಮೊನ್ನೆ ಅಂಗಡಿಯ ಮೀಸೆಯವನಿಗೆ, "ಒಂದು ಕೆಜಿ ಸಕ್ಕರೆ ಕೊಡು ಬಂಗಾರ" ಎಂದುಬಿಟ್ಟಿದ್ದಳು. ಅವನು ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದ್ದ.

ಹನ್ನೊಂದಕ್ಕೆ ಬನ್ನು ಕಣ್ಣು ಬಿಟ್ಟೊಡನೆ ಅವನನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಓಡುತ್ತಿದ್ದಳು. ಅಷ್ಟರಲ್ಲಿ ಅಲ್ಲಿ ಚಾಪೆ ಮಡಚುತ್ತಿದ್ದರು. ಬೀದಿಯ ಉಳಿದ ಕೂಸುಗಳೆಲ್ಲ ಹನ್ನೊಂದಕ್ಕೆ ಮಲಗುವವು. ಅವಳ ಪಾಲಿಗೆ ಉಳಿಯುತ್ತಿದ್ದದ್ದು ಒಂದು ಜೋಕಾಲಿ, ನಾಲ್ಕು ಕಾಗೆ, ಪೈಪು ಹಿಡಿದು ಹುಲ್ಲಿಗೆ ನೀರು ಬಿಡುವ ಮಾಲಿ ತಾತ. ಮತ್ತೆ, ಗೇಟಿನಲ್ಲಿ ಅರ್ಧ ನಿಮಿಷ, ಡ್ರೈವಿಂಗ್ ಮೇಡಂ.

ಮೇಡಂ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುವವಳು, ಈಗ ಹೆರಿಗೆ ರಜೆಯಲ್ಲಿದ್ದಳು. ಅವಳ ಮಗಳು ಚೂಟಿಗೂ ಎಂಟು ತಿಂಗಳೇ. ಚಾಪೆಯ ಗುಂಪಿನಲ್ಲಿ ಎಲ್ಲರಿಗಿಂತ ಕೊನೆಗೆ ಹೊರಡುವವಳು ಅವಳೇ ಆದ್ದರಿಂದ ಗೇಟಿನಲ್ಲಿ ದಿನವೂ ಎದುರಾಗುತ್ತಿತ್ತು.

"ಬಂದ್ರಾ?"

"ಹೊರಟ್ರಾ?"

ಮೊದಲು ಇಷ್ಟೇ. ಆಮೇಲೆ ಒಂದು ದಿನ ಮೇಡಂ ತಳ್ಳುಗಾಡಿಗೆ ಬ್ರೇಕ್ ಹಾಕಿ, "ನಮ್ಮ ಸ್ಕೂಲಿಗೆ ಎಪ್ಪತ್ತೆಂಟು ವರ್ಷದ ತಾತ ಒಬ್ರು ಕಲಿಯೋಕೆ ಬಂದಿದ್ರು ಗೊತ್ತಾ" ಎಂದು ಶುರುಮಾಡಿದಳು. "ಮೊದಲನೇ ದಿನ ಚಪ್ಪಲಿ ಬಿಚ್ಚಿಟ್ಟು ಕಾರು ಹತ್ತಿದ್ರು. ನಾವು ಎರಡು ಕಿಲೋಮೀಟರ್ ಹೋದ್ವಿ, ಚಪ್ಪಲಿ ರಸ್ತೇಲೇ ಉಳೀತು." ಅಷ್ಟಕ್ಕೆ ಚೂಟಿ ರಾಗ ತೆಗೆದಳು. ಮರುದಿನ ಮುಂದಿನ ತುಣುಕು: "ತಾತನಿಗೆ ರಿವರ್ಸ್ ಒಂದೇ ಸರಿಯಾಗಿ ಬರ್ತಿದ್ದದ್ದು. ಮುಂದಕ್ಕೆ ಹೋಗಿ ಅಂದ್ರೆ ಗಾಡಿ ತಿರುಗಿಸಿ ಹಿಂದಕ್ಕೆ ಬರೋರು." ಅದರ ಮರುದಿನ, "ಆದರೂ ಅವರು ಈ ವಯಸ್ಸಲ್ಲಿ ಯಾಕೆ ಕಲೀತಿದ್ರು ಗೊತ್ತಾ?" ಎಂದು ಬಾಯಿ ತೆರೆದಾಗಲೇ ಚೂಟಿ ಕಾಲು ಝಾಡಿಸಿ ಕಿರುಚಿದಳು, ಮೇಡಂ ತಳ್ಳುಗಾಡಿಯೊಂದಿಗೆ ಓಡಿದಳು.

ಅಜ್ಜಿ ಕತೆಯನ್ನು ಅರ್ಧಕ್ಕೆ ನಿಲ್ಲಿಸಿ ಮಲಗಿಸಿದ ರಾತ್ರಿಗಳಂತೆ, ಬನ್ನುವಿನ ಅಮ್ಮನಿಗೆ ಆ ದಿನವೆಲ್ಲ ತಾತನದೇ ಯೋಚನೆ. ನಂಬರ್ ಕೇಳಿ ಫೋನ್ ಮಾಡಬಹುದಿತ್ತು. ಆದರೆ ಗೇಟಿನ ಪರಿಚಯಕ್ಕೆ ಅಷ್ಟು ಸಲಿಗೆ ಉಂಟೋ ಇಲ್ಲವೋ ಎಂಬ ಸಂಕೋಚ. ಅದಲ್ಲದೆ ಅವಳಿಗೆ ಬೇಕಾಗಿದ್ದದ್ದು ಫೋನಿನ ದನಿಯಲ್ಲ. ಪಕ್ಕದಲ್ಲಿ ಕೂತು, ಮೊಣಕೈ ತಾಕಿಸಿ, ಕೈ ತಿರುಗಿಸಿ ಮಾತಾಡುವ ಒಬ್ಬ ಗೆಳತಿ.

ಆ ಶುಕ್ರವಾರ ಮೇಡಂ ಗೇಟಿನಲ್ಲಿ, "ನಂದು ಇನ್ನೊಂದೇ ವಾರ ಕಣ್ರೀ. ಅದರಾಚೆ ಸೋಮವಾರದಿಂದ ಡ್ಯೂಟಿ" ಎಂದು ಹೇಳಿ ಹೋದಳು.

ಒಂದೇ ವಾರ. ಆಮೇಲೆ ಗೇಟಿನ ಅರ್ಧ ನಿಮಿಷವೂ ಇಲ್ಲ. ಒಂದು ಸಲ, ಒಂದೇ ಸಲ, ಪೂರ್ತಿ ಒಂದು ಗಂಟೆ ಅವಳ ಜೊತೆ ಕೂರಬೇಕೆಂದು ಬನ್ನುವಿನ ಅಮ್ಮ ತೀರ್ಮಾನಿಸಿಬಿಟ್ಟಳು. ಯಾರಿಗೂ ಹೇಳಲಿಲ್ಲ. ಬನ್ನುವಿನ ನಿದ್ದೆಯನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಮುಂದಕ್ಕೆ ತಳ್ಳುತ್ತ ಹೋದರೆ ಶುಕ್ರವಾರಕ್ಕೆ ಅದು ಹನ್ನೊಂದಕ್ಕೆ ಬಂದು ನಿಲ್ಲುತ್ತದೆ, ತಾನು ಹತ್ತರ ಚಾಪೆಗೆ ಹೋಗಬಹುದು, ಎಂಬುದು ಅವಳ ಲೆಕ್ಕಾಚಾರ.

ಸೋಮವಾರ ನಿದ್ದೆ ಎಂಬ ಮುದುಕಿ ಎಂದಿನಂತೆ ಒಂಬತ್ತೂವರೆಗೆ ಜೋಳಿಗೆ ಹೊತ್ತು ಬಂದಳು. ಅವಳನ್ನು ಬಾಗಿಲಲ್ಲೇ ನಿಲ್ಲಿಸಲು ಅಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ಪಾತ್ರೆ ಬಡಿದಳು, ಅಂಗಾಲಿಗೆ ಕಚಗುಳಿ ಇಟ್ಟಳು, ನಲ್ಲಿಯ ಕೆಳಗೆ ಕೈ ಹಿಡಿದು ನೀರಾಟ ಆಡಿಸಿದಳು. ಬನ್ನು ಖುಷಿಯಿಂದ ಎಚ್ಚರವಾಗಿದ್ದ. ಒಳಗೆ ಅಪ್ಪ ಬರಿ ಎದೆಯಲ್ಲಿ ಕಾಯುತ್ತಿದ್ದ.

"ಏನೇ, ಇವತ್ತು ಕೊಡಲ್ವಾ ಅವನನ್ನ?"

"ಇನ್ನೊಂದು ಸ್ವಲ್ಪ ಹೊತ್ತು. ಈ ವಾರ ಅವನ ಟೈಮು ಬದಲಾಯಿಸ್ತಾ ಇದೀನಿ. ನೀವು ಮಲಗಿ."

"ಮಲಗ್ತೀನಿ ಬಿಡು. ನನಗೇನು, ಮೈದಾ ಮೂಟೆ ಮೇಲೂ ನಿದ್ದೆ ಬರುತ್ತೆ."

ಬುಧವಾರ ಇಣುಕಿ ನೋಡಿದರೆ ಅವನು ಎದೆಯ ಮೇಲೆ ದಿಂಬು ಇಟ್ಟುಕೊಂಡು, ಅದರ ಬೆನ್ನು ತಟ್ಟುತ್ತ, ಕಣ್ಣು ಪಿಳಿಪಿಳಿ ಬಿಡುತ್ತಿದ್ದ. "ದಿಂಬು ಉಸಿರಾಡಲ್ಲ ಕಣೇ" ಎಂದ. ಇಷ್ಟು ದಿನ ಅಪ್ಪ ಮಗನನ್ನು ಮಲಗಿಸುತ್ತಿದ್ದಾನೆಂದು ಅವಳು ತಿಳಿದಿದ್ದಳು. ನಡೆಯುತ್ತಿದ್ದದ್ದು ತಿರುವುಮುರುವು. ಇನ್ನೆರಡೇ ದಿನ ಎಂದು ತನಗೆ ತಾನೇ ಹೇಳಿಕೊಂಡಳು.

ಆ ನಾಲ್ಕು ದಿನ ನಿದ್ದೆ ಮುಗಿಸಿ ಪಾರ್ಕಿಗೆ ಇಳಿಯುವುದು ತಡವಾಗುತ್ತ ಹೋಯಿತು. ಗೇಟಿನಲ್ಲಿ ಮೇಡಂ ಒಂದು ದಿನವೂ ಸಿಗಲಿಲ್ಲ. ತನ್ನದೇ ತಡ, ಪಾಪ ಅವಳೇಕೆ ಕಾಯುತ್ತಾಳೆ ಎಂದುಕೊಂಡಳು. ಶುಕ್ರವಾರ ಸಿಕ್ಕೇ ಸಿಗುತ್ತಾಳಲ್ಲ.

ಶುಕ್ರವಾರ ಬನ್ನು ಹತ್ತು ಗಂಟೆಗೆ ದೀಪದಂಥ ಕಣ್ಣು ಬಿಟ್ಟುಕೊಂಡು ಪಾರ್ಕಿಗೆ ಸವಾರಿ ಬಂದ. ಅಮ್ಮ ಇಸ್ತ್ರಿ ಮಾಡಿದ ಬಟ್ಟೆ ಹಾಕಿದ್ದಳು, ತಲೆ ಸಹ ಬಾಚಿದ್ದಳು. ಚಾಪೆಯ ಮೇಲೆ ಐದಾರು ಜನ. ಕನ್ನಡಕದವಳೊಬ್ಬಳು ಜರುಗಿ ಜಾಗ ಕೊಟ್ಟಳು.

"ನೀವು ಕಿಟಕಿಯವರಲ್ವಾ?"

"ಯಾವ ಕಿಟಕಿ?"

"ಮೂರನೇ ಮಹಡಿದು. ದಿನಾ ನಿಂತು ನೋಡ್ತಿರ್ತೀರಿ, ಒಂದಿನಾನೂ ಇಳಿಯಲ್ಲ. ಏನೋ ಬಿಂಕದವರಿರಬೇಕು ಅಂದ್ಕೊಂಡಿದ್ವಿ."

"ಬಿಂಕ ಎಲ್ಲಿಂದ ತರ್ಲಿ ಕಣ್ರೀ, ಈ ದೊರೆ ಒಂಬತ್ತೂವರೆಗೆ ಮಲಗಿಬಿಡೋನು."

ಎಲ್ಲರೂ ನಕ್ಕರು. ಈ ಸಲ ನಗುವಿನ ಕಾರಣ ಅವಳೇ ಆಗಿದ್ದಳು, ಅದು ಹಿತವಾಗಿತ್ತು. ಆದರೂ ಅವಳ ಕಣ್ಣು ಗೇಟಿನಲ್ಲೇ. "ಡ್ರೈವಿಂಗ್ ಮೇಡಂ ಇನ್ನೂ ಬರಲಿಲ್ವಾ?" ಎಂದು ಕೇಳಿದಳು.

"ಅವಳಾ? ಈ ವಾರ ಅವಳಿಗೆ ಅದೇನು ಹುಚ್ಚೋ, ಚೂಟೀನ ದಿನಾ ಬೇಗ ಬೇಗ ಮಲಗಿಸ್ತಾಳೆ. ಇವತ್ತಂತೂ ಒಂಬತ್ತೂವರೆಗೇ ಮಲಗಿಸಿ, ಎಬ್ಬಿಸ್ಕೊಂಡು ಹನ್ನೊಂದಕ್ಕೆ ಬರ್ತಾಳಂತೆ. ಹನ್ನೊಂದಕ್ಕೆ ಬರೋರು ಯಾರನ್ನೋ ಕೂರಿಸಿ ಮಾತಾಡಿಸಬೇಕಂತೆ."

ಬನ್ನುವಿನ ಅಮ್ಮ ಬಾಯಿಗೆ ಕೈ ಇಟ್ಟುಕೊಂಡಳು. ನಗಬೇಕೋ ಅಳಬೇಕೋ ತಿಳಿಯದೆ, ಬನ್ನುವಿನ ಎರಡು ಹಲ್ಲನ್ನೇ ನೋಡುತ್ತ ಕುಳಿತಳು.

ಹತ್ತೂಮುಕ್ಕಾಲಿಗೆ ಬನ್ನು ಕಣ್ಣು ಉಜ್ಜಿದ. ಇನ್ನೈದು ನಿಮಿಷಕ್ಕೆ ಕಿವಿ ಎಳೆದುಕೊಂಡ. ಚಾಪೆ ಮಡಚಿ ಎಲ್ಲರೂ ಹೊರಟರು. ಅವಳು ಎದ್ದು ನಿಂತು, ಅವನನ್ನು ಹೆಗಲಿಗೆ ಹಾಕಿ ತೂಗುತ್ತ, "ಒಂದ್ ನಿಮಿಷ ತಡಿ ರಾಜಾ, ಒಂದೇ ನಿಮಿಷ" ಎಂದು ಗೋಗರೆದಳು. ಪರದೆ, ಫ್ಯಾನು, ಅಪ್ಪನ ಎದೆ, ಇವು ಮೂರೂ ಇಲ್ಲದೆ ಅವನು ಮಲಗುವವನಲ್ಲ. ಹೋದ ತಿಂಗಳು ಬಸ್ ಸ್ಟಾಪಿನಲ್ಲಿ ನಿದ್ದೆ ಕೆಟ್ಟು ಅವನು ಅತ್ತ ಅಳುವಿಗೆ ಜನ ಅವಳಿಗೆ ಸರದಿ ಬಿಟ್ಟುಕೊಟ್ಟಿದ್ದರು. ಬೇಡವೇ ಬೇಡ ಎಂದು ಗೇಟಿನ ಕಡೆ ಹೆಜ್ಜೆ ಹಾಕಿದಳು.

ಗೇಟಿನಲ್ಲಿ ತಳ್ಳುಗಾಡಿ ಒಳಗೆ ಬರುತ್ತಿತ್ತು. ಅದರಲ್ಲಿ ಚೂಟಿ, ಈಗಷ್ಟೇ ಎದ್ದು ಕೆನ್ನೆ ಕೆಂಪಾದವಳು, ರಾಣಿಯ ಹಾಗೆ ಕೂತಿದ್ದಳು.

"ಹೊರಟ್ರಾ?" ಎಂದಳು ಮೇಡಂ, ಅವಳ ಮುಖ ಇಳಿದುಹೋಯಿತು.

"ಬಂದ್ರಾ?" ಎಂದಳು ಇವಳು.

"ನೀವು ಹನ್ನೊಂದಕ್ಕೆ ಬರೋರಲ್ವಾ?"

"ನೀವು ಹತ್ತಕ್ಕೆ ಬರೋರಲ್ವಾ?"

ಮೊದಲು ಮೇಡಂಗೆ ಅರ್ಥವಾಯಿತು. ತಳ್ಳುಗಾಡಿಯ ಹಿಡಿಕೆಯ ಮೇಲೆ ಹಣೆ ಇಟ್ಟು ಅವಳು ನಗತೊಡಗಿದಳು. "ಅಯ್ಯೋ ನಮ್ಮ ಬುದ್ಧಿಗಿಷ್ಟು. ಐದು ದಿನದಿಂದ ಈ ಹುಡುಗೀನ ಹಾಡಿ ಹಾಡಿ ಮಲಗಿಸಿದೀನಿ. ನಮ್ಮತ್ತೆ, ನಿನ್ನ ಹಾಡಿಗೆ ನಾನೂ ಮಲಗಿಬಿಟ್ಟೆ ಅಂತಾರೆ."

"ನಾನು ಐದು ದಿನದಿಂದ ಪಾತ್ರೆ ಬಡ್ದಿದೀನಿ. ನಮ್ಮನೆಯವರು ದಿಂಬಿಗೆ ಜೋಜೋ ಹಾಡ್ತಿದಾರೆ."

ಮಾಲಿ ತಾತ ಪೈಪು ಹಿಡಿದು ಹತ್ತಿರ ಬಂದ. "ಒಳಗಾದ್ರೂ ಬನ್ನಿ, ಹೊರಗಾದ್ರೂ ಹೋಗಿ ತಾಯಿ. ನೀವಿಬ್ರೂ ಗೇಟನ್ನೇ ಬಾಡಿಗೆಗೆ ಹಿಡ್ದಿದೀರಾ ಹೇಗೆ?"

ನಗುವಿನಲ್ಲಿ ಹೆಗಲು ಕುಲುಕಿದ್ದಕ್ಕೆ ಬೆಚ್ಚಿ, ಅವಳು ಬನ್ನುವಿನ ಮುಖ ನೋಡಿದಳು. ಅವನು ಮಲಗಿದ್ದ. ತುಟಿ ತೆರೆದು, ಅವಳ ಇಸ್ತ್ರಿಯ ಬಟ್ಟೆಗೆ ಜೊಲ್ಲು ಸುರಿಸುತ್ತ, ಬೀದಿಯ ಹಾರ್ನುಗಳ ನಡುವೆ, ಹಗಲ ಬೆಳಕಿನಲ್ಲಿ. ಪರದೆಯಿಲ್ಲ, ಫ್ಯಾನಿಲ್ಲ. ಕಾಲು ಅಭ್ಯಾಸಬಲದಿಂದ ಮನೆಯ ಕಡೆಗೇ ಎಳೆಯಿತು. ಎದ್ದುಬಿಟ್ಟರೆ? ಎದ್ದರೆ ಅಳುತ್ತಾನೆ. ಅತ್ತರೆ ಅತ್ತ. ಅವಳು ಗೇಟಿನಿಂದ ಹಿಂದಿರುಗಿ ಮರದ ಕೆಳಗಿನ ಬೆಂಚಿಗೆ ನಡೆದಳು, ಮೊಟ್ಟೆಯ ಬುಟ್ಟಿ ಹೊತ್ತವಳ ಹಾಗೆ, ಉಸಿರು ಬಿಗಿಹಿಡಿದು. ಮೆಲ್ಲಗೆ ಕೂತಳು. ಬನ್ನು ಒಂದು ನಿಟ್ಟುಸಿರು ಬಿಟ್ಟು ಮೂಗನ್ನು ಅವಳ ಕತ್ತಿಗೆ ಇನ್ನಷ್ಟು ತುರುಕಿದ.

ಮೇಡಂ ಪಕ್ಕದಲ್ಲಿ ಬಂದು ಕೂತಳು. ಮೊಣಕೈಗೆ ಮೊಣಕೈ ತಾಕಿತು.

ಅರ್ಧ ನಿಮಿಷಕ್ಕೆ ಪಳಗಿದ ನಾಲಗೆಗೆ ಎದುರಿಗೆ ಬಿದ್ದಿದ್ದ ಒಂದು ಗಂಟೆ ನೋಡಿ ನಾಚಿಕೆಯಾಯಿತು. ಚೂಟಿ ಹುಲ್ಲಿನ ಮೇಲೆ ಕೂತು ಒಂದು ಎಲೆಯನ್ನು ತಿರುಗಿಸಿ ತಿರುಗಿಸಿ ಪರೀಕ್ಷೆ ಮಾಡಿದಳು. ಕಾಗೆಯೊಂದು ಬಂತು, ಹೋಯಿತು.

"ಆ ತಾತ ಯಾಕೆ ಕಲೀತಿದ್ರು?" ಎಂದು ಕೊನೆಗೆ ಇವಳು ಪಿಸುಗುಟ್ಟಿದಳು.

"ಹಾಂ, ಅದಾ. ಐವತ್ತು ವರ್ಷ ಅವರ ಹೆಂಡತಿ ಕಾರು ಓಡಿಸಿದ್ದಂತೆ. ಪಕ್ಕದಲ್ಲಿ ಕೂತು 'ನಿಧಾನ, ನಿಧಾನ' ಅನ್ನೋದೇ ಇವರ ಕೆಲಸ. ಸಾಯೋದ್ರೊಳಗೆ ಒಂದ್ಸಲ ಆ ಮಾತು ಅವಳ ಬಾಯಲ್ಲಿ ಕೇಳಬೇಕು ಅಂತ ಆಸೆ. ಮೂರನೇ ಸಲಕ್ಕೆ ಲೈಸೆನ್ಸು ಸಿಕ್ತು. ಹೆಂಡತೀನ ಕೂರಿಸ್ಕೊಂಡು ಊರೆಲ್ಲ ಸುತ್ತಿಸಿದ್ರು."

"ಅಂದ್ರಾ ಅವರು, ನಿಧಾನ ಅಂತ?"

"ಎಲ್ಲಿಂದ ಅಂತಾರೆ. ಹತ್ತಿದ ಐದು ನಿಮಿಷಕ್ಕೆ ನಿದ್ದೆ ಹೋಗಿದ್ರಂತೆ."

ನಗು ತಡೆಯಲು ಅವಳು ತುಟಿ ಕಚ್ಚಿಕೊಂಡಳು. ಬನ್ನುವಿನ ಪುಟ್ಟ ಬೆನ್ನು ಅವಳ ನಗುವಿನ ಜೊತೆ ಏರಿಳಿಯಿತು, ಆದರೂ ಅವನು ಏಳಲಿಲ್ಲ. ಅಲ್ಲಿಂದ ಮಾತು ಕಟ್ಟೆಯೊಡೆಯಿತು. ಅತ್ತೆಯ ಹಲ್ಲುಸೆಟ್ಟು, ಬೇಕರಿಯಲ್ಲಿ ಸೀದುಹೋದ ಇನ್ನೂರು ರಸ್ಕು, ಸಕ್ಕರೆಯ ಬಂಗಾರ, ಹೆರಿಗೆಯ ದಿನ ಮೇಡಂ ತಾನೇ ಕಾರು ಓಡಿಸಿಕೊಂಡು ಆಸ್ಪತ್ರೆಗೆ ಹೋದದ್ದು. ಯಾವ ಮಾತಿನ ನಡುವೆ 'ನೀವು' ಹೋಗಿ 'ನೀನು' ಬಂತೋ ಇಬ್ಬರಿಗೂ ತಿಳಿಯಲಿಲ್ಲ.

ಮುಕ್ಕಾಲು ಗಂಟೆಯಾದ ಮೇಲೆ ಮೇಡಂ ದನಿ ಇಳಿಯಿತು. "ಒಂದು ಹೇಳ್ಲಾ, ನಗಬೇಡ. ಸೋಮವಾರ ಗಾಡಿ ಹತ್ತೋಕೆ ಭಯ ಆಗ್ತಿದೆ. ಹನ್ನೆರಡು ವರ್ಷದಿಂದ ಊರಿಗೆಲ್ಲ ಹೆದರಬೇಡಿ ಹೆದರಬೇಡಿ ಅಂತ ಹೇಳ್ಕೊಟ್ಟೋಳು ನಾನು. ಈಗ ಇವಳನ್ನ ಬಿಟ್ಟು ಹೋಗಬೇಕು ಅಂದ್ರೆ ಗಾಡಿ ಕೀ ಎತ್ತಿ ಎತ್ತಿ ವಾಪಸ್ ಇಡ್ತೀನಿ. ಮನೇಲಿ ಹೇಳಿದ್ರೆ ಹೋಗ್ಲೇಬೇಡ ಅಂದ್ಬಿಡ್ತಾರೆ. ನನಗೆ ಹೋಗಬೇಕು. ಅದಕ್ಕೇ ಯಾರಿಗೂ ಹೇಳಿಲ್ಲ."

ಇದು ಗೇಟಿನಲ್ಲಿ ಹೇಳುವ ಮಾತಲ್ಲ, ಅರ್ಧ ನಿಮಿಷದಲ್ಲಿ ಹಿಡಿಸುವುದೂ ಇಲ್ಲ. ಬನ್ನುವಿನ ಅಮ್ಮ ಬುದ್ಧಿ ಹೇಳಲು ಹೋಗಲಿಲ್ಲ. ಖಾಲಿಯಿದ್ದ ಕೈಯಿಂದ ಗೆಳತಿಯ ಕೈ ಹಿಡಿದಳು. ಕ್ಲಚ್ಚು, ಗೇರು, ತಳ್ಳುಗಾಡಿ ಹಿಡಿದು ಗಟ್ಟಿಯಾದ ಕೈ.

"ಮೊದಲನೇ ದಿನದ ಪಾಠ ಎಷ್ಟೊತ್ತಿಗೆ ಮುಗಿಯುತ್ತೆ?"

"ಐದಕ್ಕೆ."

"ಐದಕ್ಕೆ ಇಲ್ಲಿಗೇ ಬಾ. ಏನೇನಾಯ್ತು ಅಂತ ಎಲ್ಲಾ ಹೇಳಬೇಕು. ಯಾರು ಕಂಬಕ್ಕೆ ಗುದ್ದಿದ್ರು, ನೀನು ಎಷ್ಟು ಸಲ ಮನೆಗೆ ಫೋನ್ ಮಾಡ್ದೆ, ಎಲ್ಲಾ."

"ಐದಕ್ಕೆ ನಿನ್ನ ದೊರೆದು ಸಂಜೆ ನಿದ್ದೆ ಅಲ್ವೇನೇ? ನೀನೇ ಹೇಳಿದ್ಯಲ್ಲ ಈಗ. ಬೆಳಗಿಂದು ಹಾಳುಮಾಡಿದ್ದು ಸಾಲ್ದಾ?"

"ಬೆಳಗಿಂದು ನಾಳೆಯಿಂದ ಅವರಪ್ಪನಿಗೇ ವಾಪಸ್. ಇಲ್ಲದಿದ್ರೆ ಬೇಕರೀಲಿ ಹಿಟ್ಟಿನ ಮೇಲೇ ತಲೆ ಇಟ್ಟುಬಿಡ್ತಾರೆ." ಅವಳು ಮರಗಟ್ಟಿದ್ದ ಹೆಗಲನ್ನು ಮೆಲ್ಲಗೆ ಸರಿಸಿ, ಕತ್ತಿನ ಮೇಲೆ ಬಿಸಿಯುಸಿರು ಬಿಡುತ್ತಿದ್ದವನನ್ನು ಇನ್ನೊಂದು ಹೆಗಲಿಗೆ ದಾಟಿಸಿದಳು. ಅವನ ಕೈ ಗಾಳಿಯಲ್ಲಿ ಒಮ್ಮೆ ಏನನ್ನೋ ಹುಡುಕಿ, ಅಮ್ಮನ ಜಡೆ ಸಿಕ್ಕಿ, ಸಮಾಧಾನವಾಯಿತು. "ಸಂಜೆದು ಮಲಗ್ಲಿ ಬಿಡು. ಹೀಗೇ ಹೊತ್ಕೊಂಡು ಬರ್ತೀನಿ."