ಬಾರ್ಲಿಯ ಮುಖದ ಅಂಗಿ

ಈಗಲೂ ಹೇಳಿಬಿಡಬಹುದಲ್ಲ? ಬೇಡ, ಈಗ ಹೇಳಿದರೆ ಇಳಿಯಲು ಹೆದರಿ ನೆಪ ತೆಗೆದ ಅಂತಾರೆ. ಹಾಗಾದರೆ ಇಳಿದ ಮೇಲೆ? ಅಷ್ಟು ಹೊತ್ತಿಗೆ ಚಪ್ಪಾಳೆ ಬಿದ್ದಿರುತ್ತದೆ. ಚಪ್ಪಾಳೆ ಹೊಡೆಸಿಕೊಂಡ ಮೇಲೆ ಹೇಳುವುದೆಂದರೆ, ತಟ್ಟೆ ನೆಕ್ಕಿ ಮುಗಿಸಿ ಊಟ ಹಳಸಿತ್ತು ಅಂದ ಹಾಗೆ.

ಕ್ಲೆಮ್ ಹೆಬ್ಡನ್ ಚರ್ಚಿನ ಗೋಪುರದ ನೆತ್ತಿಯಲ್ಲಿ ನಿಂತಿದ್ದ. ನೂರಾಹತ್ತು ಅಡಿ ಕೆಳಗೆ, ಗೋರಿಕಲ್ಲುಗಳ ನಡುವೆ ಮೇಜು ಹಾಕಿಕೊಂಡು ಥಾರ್ನ್‌ಬಿಯ ಅರ್ಧ ಊರೇ ಚಹಾ ಕುಡಿಯುತ್ತಿತ್ತು. ಅಂಧರ ಸಂಘಕ್ಕೆ ಹಣ ಕೂಡಿಸಲು ಹದಿನಾಲ್ಕು ಜನ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಹಗ್ಗದ ಮೇಲೆ ಗೋಪುರ ಇಳಿಯಬೇಕೆಂದು ಏರ್ಪಾಟಾಗಿತ್ತು. ಹನ್ನೊಂದು ವರ್ಷದಿಂದ ಬಿಡಿಗಾಸಿಲ್ಲದೆ ಸಂಘದ ಮಿನಿಬಸ್ಸು ಓಡಿಸಿದವನೆಂದು ಕೊನೆಯ ಸರದಿಯ ಗೌರವ ಕ್ಲೆಮ್‌ಗೆ.

ಹದಿನಾಲ್ಕು ಜನಕ್ಕೂ ಪಟ್ಟಿ ಒಂದೇ. ಅದು ಬುಟ್ಟಿಯಲ್ಲಿ ಮೇಲೆ ಬಂದಾಗ ಒದ್ದೆಯಾಗಿತ್ತು. ಹದಿಮೂರು ಜನರ ಬೆವರು, ಯಾರದೋ ಕಾಡಿಗೆ, ಅವನಿಗಿಂತ ಮುಂಚೆ ಇಳಿದ ಕಟುಕ ಲೆನ್ನಿಯ ಹಂದಿಕೊಬ್ಬಿನ ವಾಸನೆ. ಕಟ್ಟಿಕೊಳ್ಳುವಾಗ ಅದು ರೆಪ್ಪೆಗೆ ಅಂಟಿತು. 

ಅಂಗಿಯಂತೂ ಇನ್ನೂ ಹೇಸಿಗೆ. ಸಂಘದ ಕಾರ್ಯದರ್ಶಿ ಜಿಲಿಯನ್ ಎಲ್ಲರಿಗೂ ಹಳದಿ ಅಂಗಿ ಹೊಲಿಸಿ ಮುಂಭಾಗದಲ್ಲಿ ಬಾರ್ಲಿಯ ಮುಖ ಅಚ್ಚು ಹಾಕಿಸಿದ್ದಳು. ಕ್ಲೆಮ್‌ನ ಡೊಳ್ಳುಹೊಟ್ಟೆಯ ಮೇಲೆ ಆ ಮುಖ ಹಿಗ್ಗಿ, ನಾಯಿ ಹಲ್ಲು ಕಿರಿದಂತೆ ಕಾಣುತ್ತಿತ್ತು.

ಬಾರ್ಲಿ ಎಂದರೆ ಬೆರಿಲ್ ಟಾಡ್‌ಳಿಗೆ ದಾರಿ ತೋರುತ್ತಿದ್ದ ನಾಯಿ. ಹುಟ್ಟುಕುರುಡಿಯಾದ ಬೆರಿಲ್ ಎಪ್ಪತ್ತೊಂದರಲ್ಲೂ ಆ ನಾಯಿಯ ಬೆನ್ನಪಟ್ಟಿ ಹಿಡಿದು ಸಂತೆ, ಪಬ್ಬು, ಗಾನಗೋಷ್ಠಿ ಎಲ್ಲ ಸುತ್ತುತ್ತಿದ್ದಳು. ಏಪ್ರಿಲ್‌ನ ಒಂದು ಗುರುವಾರ ಸಂಘದ ಹಿತ್ತಲಲ್ಲಿ ನಾಯಿಯನ್ನು ಕಂಬಿಗೆ ಕಟ್ಟಿ ಪಾಯಖಾನೆಗೆ ಹೋಗಿದ್ದಾಗ ಅದರ ಹಿಂಗಾಲಿನ ಮೇಲೆ ಚಕ್ರ ಹತ್ತಿತು. ಕಾಲು ಉಳಿಯಿತು, ಕೆಲಸ ಹೋಯಿತು. ಕುಂಟುವ ನಾಯಿಯನ್ನು ದೂರದ ಯಾವುದೋ ಮನೆಗೆ ಸಾಕಲು ಕಳಿಸಿದರು. ಅಂದಿನಿಂದ ಬೆರಿಲ್ ಮನೆ ಬಿಟ್ಟು ಕದಲಿದ್ದು ಗುರುವಾರಗಳಂದು ಮಾತ್ರ, ಅದೂ ಕ್ಲೆಮ್‌ನ ಬಸ್ಸಿನಲ್ಲಿ.

"ಪಾರ್ಸೆಲ್ ವ್ಯಾನು. ನಿಲ್ಲಿಸ್ದೇ ಓಡಿಹೋದ," ಎಂದಿದ್ದ ಕ್ಲೆಮ್, ನಾಯಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು. ಊರು ಆ ವ್ಯಾನಿನವನಿಗೆ ಹಿಡಿಶಾಪ ಹಾಕಿತು. ನಾಯಿಯನ್ನು ಎತ್ತಿ ಓಡಿದ ಕ್ಲೆಮ್‌ನನ್ನು ಹೊಗಳಿತು.

ವ್ಯಾನು ಬಂದೇ ಇರಲಿಲ್ಲ. ಬಲಗಣ್ಣಿನ ಅಂಚಿನ ನೋಟ ಹೋಗಿದೆ, ಗಾಡಿ ಮುಟ್ಟಬೇಡಿ ಎಂದು ಫೆಬ್ರವರಿಯಲ್ಲೇ ಕಣ್ಣಿನ ಡಾಕ್ಟರು ಅವನಿಗೆ ಬರೆದುಕೊಟ್ಟಿದ್ದರು. ಆ ಕಾಗದ ಬಿಸ್ಕತ್ತಿನ ಡಬ್ಬಿಯ ಹಿಂದೆ ಮಡಚಿಕೊಂಡಿತ್ತು. ಹೆಂಡತಿ ಸತ್ತ ಮೇಲೆ ವಾರಕ್ಕೊಮ್ಮೆ ಅವನನ್ನು ಹೆಸರು ಹಿಡಿದು ಕೂಗುವವರು ಆ ಬಸ್ಸಿನವರಷ್ಟೆ.

"ಹಿಂದಕ್ಕೆ ವಾಲಿ ಸಾರ್. ಕುರ್ಚಿ ಇದೆ ಅಂದ್ಕೊಂಡು ಕೂತ್ಬಿಡಿ," ಎಂದಳು ಹಗ್ಗ ಕಟ್ಟುತ್ತಿದ್ದ ಹೆಂಗಸು.

ವಾಲಿದ. ಕತ್ತಲು. ಕೈ ಕಲ್ಲನ್ನು ತಡವಿದಾಗ ಪಾರಿವಾಳದ ಹಿಕ್ಕೆ ಬೆಚ್ಚಗೆ ಬೆರಳಸಂದಿಗೆ ಮೆತ್ತಿಕೊಂಡಿತು. ಒರೆಸಿಕೊಳ್ಳಲು ಸಿಕ್ಕಿದ್ದು ಅಂಗಿ ಮಾತ್ರ. ಒರೆಸಿದ್ದು ನಾಯಿಯ ಮುಖಕ್ಕೆ ಎಂದು ಆಮೇಲೆ ಹೊಳೆಯಿತು.

"ಏನೋ ಕ್ಲೆಮ್, ಪ್ಯಾಂಟು ಒಣಗಿದ್ಯೇನೋ?" ಕೆಳಗಿನಿಂದ ಲೆನ್ನಿಯ ಕೂಗು.

"ಅವ್ನು ಇಳಿಯೋದ್ರೊಳಗೆ ನನ್ ಚಹಾ ಆರುತ್ತೆ!" ಇದು ಬೆರಿಲ್.

ಎಲ್ಲರೂ ನಕ್ಕರು. ಅವನಿಗೂ ನಗು ಬಂತು, ಅರ್ಧಕ್ಕೇ ನಿಂತಿತು. ಕತ್ತಲಲ್ಲಿ ತೂಗಾಡುತ್ತ, ನೆಲಕ್ಕೆ ಕಾಲು ತಾಗಿದ ಕೂಡಲೇ ಬೆರಿಲ್‌ಗೆ ಹೇಳಿಬಿಡುತ್ತೇನೆ ಎಂದು ನಿರ್ಧರಿಸಿದ. ಯಾರ ಮುಖವೂ ಕಾಣದಿದ್ದಾಗ ನಿರ್ಧಾರ ಸುಲಭ.

ಕಾಲು ತಾಗಿತು. ಜಿಲಿಯನ್ ಪಟ್ಟಿ ಕಿತ್ತು ಅವನ ಬಾಯಿಗೆ ಮೈಕು ಹಿಡಿದಳು. "ಈಗ್ಲಾದ್ರೂ ಗೊತ್ತಾಯ್ತಾ ಕ್ಲೆಮ್, ನಮ್ಮವರ ಬದುಕು ಹೆಂಗಿರುತ್ತೆ ಅಂತ?"

"ಹಗ್ಗ ಕಟ್ಕೊಂಡು ನಾನ್ಯಾವತ್ತೂ ಬ್ರೆಡ್ ತರೋಕ್ಕೆ ಹೋಗಿಲ್ಲ ಕಣೇ ಜಿಲಿಯನ್," ಎಂದಳು ಬೆರಿಲ್. "ನಾನೂ ಇಳೀತೀನಿ ಅಂದ್ರೆ, ಕಣ್ಣಿಲ್ದೋರಿಗೆ ವಿಮೆಯೋರು ಒಪ್ಪಲ್ಲ ಅಂದೆ ನೀನು. ಕಣ್ಣಿರೋರಿಗೆ ಕಣ್ಣು ಕಟ್ಟಿ ಇಳಿಸ್ದೆ. ಚೆನ್ನಾಗಿದೆ ನಿನ್ ನ್ಯಾಯ."

ಜಿಲಿಯನ್ ಮೈಕನ್ನು ಬೇರೆ ಕಡೆ ತಿರುಗಿಸಿದಳು.

ಬೆರಿಲ್ ಎದ್ದು ಕೈ ಚಾಚಿದಳು. ರೂಢಿಯಂತೆ ಕ್ಲೆಮ್ ಮೊಣಕೈ ಕೊಟ್ಟ. ಇಬ್ಬರೂ ಗೋರಿಗಳ ಸಾಲಿನಲ್ಲಿ ನಡೆದರು. ಜನರ ಸದ್ದು ಹಿಂದುಳಿದಾಗ ಅವಳು ನಿಂತು, ಅವನ ಹೊಟ್ಟೆಯ ಮೇಲಿನ ಅಚ್ಚನ್ನು ಬೆರಳಿನಿಂದ ತಡವಿದಳು.

"ಇದೇನಾ ಅವನ ಮುಖ? ರಬ್ಬರ್ ಥರ ಇದೆ. ಏನೋ ಗಲೀಜು ಬೇರೆ."

ಅವನು ಅಂಗಿಯನ್ನು ಕೆಳಗೆ ಜಗ್ಗಿಕೊಂಡ.

"ಆವತ್ತು ಪಾಯಖಾನೆ ಕಿಟಕಿ ತೆಗೆದಿತ್ತು, ಕ್ಲೆಮ್. ಹಿಂದಕ್ಕೆ ಬರ್ವಾಗ ನಮ್ ಬಸ್ಸು ಪೀಂ ಪೀಂ ಅನ್ನುತ್ತಲ್ಲ, ಅದು ಕೇಳಿಸ್ತು. ಆಮೇಲೆ ಬಾರ್ಲಿ ಕಿರುಚಿದ್ದು. ವ್ಯಾನಿನ ಸದ್ದು ಮಾತ್ರ ನಂಗ್ ಕೇಳಿಸ್ಲಿಲ್ಲ."

ಗಾಳಿ ಯೂ ಮರದಲ್ಲಿ ಸುಳಿಯಿತು. ಅವಳು ಕಾದಳು. ಅವಸರವಿಲ್ಲದೆ, ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಕಿವಿಯನ್ನು ಅವನಿಗೆ ಕೊಟ್ಟು ಕಾದಳು.

"ಮೂರು ತಿಂಗಳಾಯ್ತು, ನೀನೇ ಹೇಳ್ತೀಯ ಅಂತ. ಗೋಪುರ ಇಳಿದೋನಪ್ಪ ನೀನು. ಇದೇನ್ ಮಹಾ ಎತ್ತರ?"

ಕ್ಲೆಮ್ ಬಾಯಿ ತೆರೆದ. ತುಟಿಯ ಮೇಲೆ ಪಟ್ಟಿಯಿಂದ ಇಳಿದ ಬೆವರಿನ ಉಪ್ಪು ಇನ್ನೂ ಇತ್ತು.

"ಮೊಟ್ಟೆ ಸ್ಯಾಂಡ್‌ವಿಚ್ ಇದೆ," ಎಂದ. "ತರ್ಲಾ?"

ಅವನ ಮೊಣಕೈಯಿಂದ ಅವಳ ಕೈ ಜಾರಿತು. ಅಸಹ್ಯದ್ದನ್ನು ಮುಟ್ಟಿದವರಂತೆ ಬೆರಳುಗಳನ್ನು ತನ್ನ ಕೋಟಿಗೆ ಒರೆಸಿಕೊಂಡಳು. ಅವನಿಗೆ ಅದೇ ಸರಿ ಅನಿಸಿತು. ತಾನಾದರೂ ಅಷ್ಟೇ ಮಾಡುತ್ತಿದ್ದ.

"ಲೆನ್ನೀ!" ಬೆರಿಲ್ ಕೂಗಿದಳು. "ನಿನ್ ಮಾಂಸದ ಗಾಡೀಲಿ ನಂಗೊಂದು ಜಾಗ ಇದ್ಯಾ?"

"ಹಂದಿ ಪಕ್ಕ ಕೂರ್ತೀಯಾ ಬೆರಿಲ್ ರಾಣಿ?"

"ಅದಾದ್ರೂ ಸತ್ತಿರುತ್ತಲ್ಲ. ಸುಳ್ಳು ಹೇಳಲ್ಲ."

ಜನ ಗೊಳ್ಳೆಂದರು. ಕ್ಲೆಮ್ ಮೇಜಿನ ಬಳಿ ಹೋಗಿ ಒಂದು ಸ್ಯಾಂಡ್‌ವಿಚ್ ಎತ್ತಿ ತಿಂದ. ಬಿಸಿಲಿಗೆ ಮೊಟ್ಟೆ ಬೆವರಿತ್ತು. ಪೂರ್ತಿ ತಿಂದ.

ಬಸ್ಸಿನಲ್ಲಿ ಆರು ಜನ ಆಗಲೇ ಕುಳಿತಿದ್ದರು. ಬಿಳಿ ಕೋಲುಗಳು ಮಂಡಿಗಳ ನಡುವೆ. "ಹೊರಡಪ್ಪಾ, ಶೂರ!" ಎಂದು ಯಾರೋ ಕರೆದರು. ಅವನು ಬಲಗಡೆಯ ಕನ್ನಡಿ ನೋಡಿದ. ಅದರ ಅರ್ಧದಲ್ಲಿ ಬೂದು ಬಿಟ್ಟರೆ ಏನೂ ಇರಲಿಲ್ಲ. ಇಳಿದು ಹೋಗಿ ಬೀಗದ ಕೈಯನ್ನು ಜಿಲಿಯನ್‌ಳ ಅಂಗೈಯಲ್ಲಿಟ್ಟ.

"ಹಗ್ಗದಲ್ಲಿ ಮಣಿಕಟ್ಟು ಉಳುಕ್ತು. ಇನ್ನು ಓಡ್ಸೋಕ್ಕಾಗಲ್ಲ."

"ಅಯ್ಯೋ ಪಾಪ, ನಮಗೋಸ್ಕರ!" ಎಂದು ಅವಳು ಅವನನ್ನು ಅಪ್ಪಿಕೊಂಡಳು. ನಾಯಿಯ ಮುಖ ಇಬ್ಬರ ನಡುವೆ ನಜ್ಜಾಯಿತು.

ಆ ಮಣಿಕಟ್ಟು ವಾಸಿಯಾಗಲೇ ಇಲ್ಲವೆಂದು ಊರು ಇಂದಿಗೂ ಮರುಗುತ್ತದೆ. ಸಂಘದ ಗೋಡೆಯ ಮೇಲೆ ಹಳದಿ ಅಂಗಿಯ ಅವನ ಚಿತ್ರವಿದೆ. ಚಿತ್ರ ಕಾಣದ ಬೆರಿಲ್ ಅದರ ಕೆಳಗೇ ಕೂರುತ್ತಾಳೆ. ಅವಳೂ ಯಾರಿಗೂ ಏನೂ ಹೇಳಲಿಲ್ಲ.

ಬಾರ್ಲಿಯ ಮೇಲೆ ಬಸ್ಸು ಹತ್ತಿಸಿದವನು ನಾನು, ನನಗೆ ಕಾಣಲಿಲ್ಲ ಎಂದು ಕ್ಲೆಮ್ ಅವಳಿಗೆ ಒಮ್ಮೆಯೂ ಹೇಳಲಿಲ್ಲ.