ಸೊನ್ನೆಗಿಂತ ಕೆಳಗೆ

ಗಂಡನ ಅಂತ್ಯಕ್ರಿಯೆಗೆ ಬಂದಿದ್ದ ನೆಂಟರಲ್ಲಿ ಕೊನೆಯವರೂ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ ಅದು. ಪೇಪರ್ ಬಂತು. ಕೆಳಗಿನ ಮನೆಯ ಸ್ಕೂಟರ್ ಏಳು ಸಲ ಒದೆಸಿಕೊಂಡು ಎಂಟನೆಯ ಸಲಕ್ಕೆ ಹೊರಟಿತು. ಅವಳು ಹಲ್ಲುಜ್ಜಿದಳು, ತಲೆ ಬಾಚಿದಳು, ಪಾತ್ರೆ ತೊಳೆದಳು. ಅಳು ಬರಲಿಲ್ಲ. ತಾನಾಗಿ ಬರುತ್ತದೆ, ತಡೆಯಬೇಡ ಎಂದು ಎಲ್ಲರೂ ಹೇಳಿಹೋಗಿದ್ದರು. ಅವಳು ಬಸ್ಸಿಗೆ ಕಾಯುವ ಹಾಗೆ ಕಾಯುತ್ತಿದ್ದಳು.

ಒಂಬತ್ತಕ್ಕೆ ಕರೆಗಂಟೆ ಸದ್ದಾಯಿತು. ಬಂದವರು ಆಸ್ಪತ್ರೆಯ ಲ್ಯಾಬ್ ಮೇಡಂ. ಗಂಡ ಆಗಾಗ ಅವರ ಮಾತೆತ್ತುತ್ತಿದ್ದನೇ ಹೊರತು ಅವಳು ಅವರನ್ನು ನೋಡಿರಲಿಲ್ಲ. ಐವತ್ತರ ಹೆಂಗಸು. ಕೂರಿ ಅಂದರೆ ಕೂರಲಿಲ್ಲ. ಕಣ್ಣು ಮಾತ್ರ ಬಾಗಿಲ ಹಿಂದಿನ ಕೋಟು ತೂಗುಹಾಕುವ ಮೊಳೆಗಳ ಕಡೆಗೇ ಹೋಗುತ್ತಿತ್ತು.

"ಅವರು ನನ್ನ ಹತ್ರ ಒಂದು ಲಾಗರ್ ತಗೊಂಡಿದ್ರು," ಎಂದರು. "ಇಷ್ಟುದ್ದ ಇರತ್ತೆ, ಪೆನ್‌ಡ್ರೈವ್ ಥರ. ಪೆಟ್ಟಿಗೆ ಒಳಗಿಟ್ರೆ ಐದು ನಿಮಿಷಕ್ಕೊಂದ್ಸಲ ಟೆಂಪರೇಚರ್ ಬರ್ಕೊಳತ್ತೆ. ಬೂದು ಕೋಟಿನ ಎಡಗಡೆ ಒಳಜೇಬಲ್ಲಿ ಇರಬಹುದು."

ಆ ಕೋಟಿಗೆ ಒಳಜೇಬು ಇದೆ ಎಂಬುದು ಅವಳಿಗೇ ಗೊತ್ತಿರಲಿಲ್ಲ.

ಗಂಡನ ಕೆಲಸ ಪೆಟ್ಟಿಗೆ ಹೊರುವುದಾಗಿತ್ತು. ರಕ್ತದ ಕ್ಯಾನ್ಸರಿನ ಮಕ್ಕಳಿಗೆ, ಹುಟ್ಟಿನಿಂದಲೇ ರಕ್ತ ಸರಿಯಾಗಿ ತಯಾರಾಗದ ಮಕ್ಕಳಿಗೆ, ದೂರದ ಊರಿನಲ್ಲಿ ಯಾರೋ ದಾನ ಮಾಡಿದ, ಹೊಸ ರಕ್ತ ಹುಟ್ಟಿಸುವ ಕಾಂಡಕೋಶಗಳ ಚೀಲವನ್ನು ಅವನು ತರುತ್ತಿದ್ದ. ಚೀಲ ಎರಡರಿಂದ ಎಂಟು ಡಿಗ್ರಿಯ ಒಳಗೇ ಇರಬೇಕು. ಪೆಟ್ಟಿಗೆಯನ್ನು ಕಣ್ಣಳತೆಯಿಂದ ಆಚೆ ಬಿಡುವಂತಿಲ್ಲ, ವಿಮಾನದ ಶೌಚಾಲಯಕ್ಕೂ ಎತ್ತಿಕೊಂಡೇ ಹೋಗಬೇಕು. ಅದನ್ನು ಅವನು ಮೊದಲನೇ ಹೆಂಡತಿ ಎಂದು ಕರೆಯುತ್ತಿದ್ದ.

"ಪೆಟ್ಟಿಗೇಲೇ ಒಂದು ಲಾಗರ್ ಇರತ್ತಲ್ವಾ?" ಎಂದು ಅವಳು ಕೇಳಿದಳು.

ಇರುತ್ತದೆ, ಆದರೆ ಅವನ ಕೊನೆಯ ಪ್ರಯಾಣದಲ್ಲಿ ಅದರಲ್ಲಿ ಏನೂ ದಾಖಲಾಗಿಲ್ಲ ಎಂದರು ಮೇಡಂ. ಹಸಿರು ದೀಪ ಎರಡು ಸಲ ಮಿನುಗುವ ತನಕ ಗುಂಡಿಯನ್ನು ಒತ್ತಿಹಿಡಿಯಬೇಕು. ಪೆಟ್ಟಿಗೆ ಸಿದ್ಧಮಾಡಿದವರು ಒಮ್ಮೆ ಒತ್ತಿ ಬಿಟ್ಟಿದ್ದರು. ಸಿದ್ಧಮಾಡಿದ್ದು ಯಾರು ಎಂದು ಅವಳು ಕೇಳಿದಳು. ನಮ್ಮ ಲ್ಯಾಬಿನವರೇ, ಎಂದು ಮೇಡಂ ಕಿಟಕಿಗೆ ಹೇಳಿದರು. ಗಂಡನಿಗೆ ಯಾವ ಯಂತ್ರದ ಮೇಲೂ ನಂಬಿಕೆ ಇರಲಿಲ್ಲ, ಹಾಗಾಗಿ ಹೊರಡುವಾಗ ಎರಡನೆಯದೊಂದನ್ನು ಕೇಳಿ ತೆಗೆದುಕೊಂಡಿದ್ದ. ಮೇಡಂ ಅದನ್ನು ಪುಸ್ತಕದಲ್ಲಿ ಬರೆಯದೆ ಕೈಗೆ ಕೊಟ್ಟಿದ್ದರು.

ಆ ಚೀಲ ಸೇರಿದ್ದು ಐದು ವರ್ಷದ ಒಬ್ಬ ಹುಡುಗಿಗೆ. ವಾರ್ಡಿನಲ್ಲಿ ಅವಳಿಗೆ ಇನ್‌ಸ್ಪೆಕ್ಟರ್ ಎಂದೇ ಹೆಸರು. ಗಾಜಿನ ಕೋಣೆಯೊಳಗೆ ಯಾರು ಬಂದರೂ ಕೈ ಮೂಸಿ ನೋಡಿ, ಸ್ಯಾನಿಟೈಸರ್ ವಾಸನೆ ಬರದಿದ್ದರೆ ಡಾಕ್ಟರನ್ನೂ ವಾಪಸ್ ಅಟ್ಟುತ್ತಿದ್ದಳಂತೆ. ಔಷಧಿ ಕೊಟ್ಟು ಅವಳ ಹಳೆಯ ಮಜ್ಜೆಯನ್ನು ಪೂರ್ತಿ ಅಳಿಸಿದ್ದರು. ಹೊಸ ಕೋಶಗಳು ಮೂಳೆಯೊಳಗೆ ಬೇರೂರಬೇಕಿತ್ತು. ಇಪ್ಪತ್ತೊಂದು ದಿನವಾದರೂ ಬಿಳಿ ರಕ್ತಕಣದ ಎಣಿಕೆ ಸೊನ್ನೆಯಿಂದ ಮೇಲೆದ್ದಿರಲಿಲ್ಲ.

ಹೊರಡುವಾಗ ಮೇಡಂ ದನಿ ತಗ್ಗಿಸಿದರು. "ಸಿಗಲಿಲ್ಲ ಅಂದ್ರೂ ಪರವಾಗಿಲ್ಲ. ಇಂಥ ಹೊತ್ತಲ್ಲಿ ನಿಮ್ಮನ್ನ ಯಾರೂ ಕೇಳಲ್ಲ. ಕಳೆದುಹೋಯ್ತು ಅಂದ್ರೆ ನಾನು ನಂಬ್ತೀನಿ."

ಕೇಳಲು ಬಂದವರು, ಸಿಗದಿದ್ದರೇ ಒಳ್ಳೆಯದು ಎಂಬಂತೆ ಹೋದರು. ಅವಳು ಚಿಲಕ ಹಾಕಿ ಅಲ್ಲೇ ನಿಂತಳು.

ಅತ್ತೆ ಒಳಕೋಣೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಸತ್ತವನ ತಲೆ ಮೇಲೆ ಗೂಬೆ ಕೂರಿಸೋಕೆ ಬಂದಿದಾಳೆ ಕಣೆ," ಎಂದರು. "ಒಂದು ಗುಂಡಿ ಒತ್ತೋಕೆ ಬರದವರು ಇವರು. ತಪ್ಪು ಮಾತ್ರ ನನ್ನ ಮಗಂದು ಆಗಬೇಕು. ಅವನೇನು ಎದ್ದು ಬಂದು ಜವಾಬು ಕೊಡ್ತಾನಾ?"

ಅವಳಿಗೂ ಹಾಗೇ ಅನ್ನಿಸಿತ್ತು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ಯಾರಾದರೂ ಒಂದು ಅಂಕಿ ಬೇಕು ಅಂದರೆ ಯಾಕೆ ಬೇಕು ಎಂದು ಮೊದಲು ಯೋಚಿಸುವುದು ಅಭ್ಯಾಸವಾಗಿಬಿಟ್ಟಿತ್ತು. ಅದಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚುತ್ತಿದ್ದದ್ದು ಆ ಒಳಜೇಬು. ಹೊರಗಿನ ಹೆಂಗಸಿಗೆ ಅದು ಹೇಗೆ ಗೊತ್ತು?

"ನಾನೇ ಹೊಲಿದುಕೊಟ್ಟಿದ್ದು," ಎಂದರು ಅತ್ತೆ. "ಇದು ನನ್ನ ಬ್ಯಾಂಕ್ ಲಾಕರ್ ಅಂತ ಕಂಡಕಂಡವರಿಗೆಲ್ಲ ತೋರಿಸ್ಕೊಂಡು ತಿರುಗ್ತಿದ್ದ."

ಒಂದು ಅನುಮಾನ ಕಳೆಯಿತು. ಉಳಿದವು ಹಾಗೇ ಇದ್ದವು.

ಲಾಗರ್ ಜೇಬಿನಲ್ಲೇ ಇತ್ತು. ಅವಳು ಅದನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದಳು. ಪರದೆಯ ಮೇಲೆ ಒಂದು ಗೆರೆ ಮೂಡಿತು. ಮೊದಲ ಆರು ಗಂಟೆ ಅದು ನಾಲ್ಕು ಡಿಗ್ರಿಯ ಮೇಲೆ ಹಾಸಿಗೆ ಹಾಸಿ ಮಲಗಿದಂತಿತ್ತು. ಆಮೇಲೆ ನಿಧಾನವಾಗಿ ಐದು, ಆರು, ಏಳೂವರೆ. ಇನ್ನೇನು ಎಂಟು ದಾಟುತ್ತದೆ ಎಂದುಕೊಂಡಳು. ಗೆರೆ ದಾಟಲಿಲ್ಲ. ಮಧ್ಯಾಹ್ನ ಎರಡೂ ಹತ್ತಕ್ಕೆ ಅದು ಬೀಳತೊಡಗಿತು. ಮೂರು, ಒಂದು, ಸೊನ್ನೆ. ಸೊನ್ನೆಗಿಂತ ಮೂರು ಕೆಳಗೆ. ಅಲ್ಲೇ ಎರಡು ಗಂಟೆ ಇಪ್ಪತ್ತು ನಿಮಿಷ.

ಆ ಮಧ್ಯಾಹ್ನ ಅವನು ವಿಮಾನ ನಿಲ್ದಾಣದಿಂದ ಫೋನ್ ಮಾಡಿದ್ದ. ವಿಮಾನ ಏಳು ಗಂಟೆ ತಡ. ಪೆಟ್ಟಿಗೆಯಲ್ಲಿನ ಐಸ್ ಪ್ಯಾಕುಗಳು ಮೆತ್ತಗಾಗುತ್ತಿದ್ದವು. ಅಲ್ಲಿನ ಐಸ್‌ಕ್ರೀಮ್ ಅಂಗಡಿಯವನು ತನ್ನ ಫ್ರೀಜರಿನಲ್ಲಿ ಅವನ ಜೊತೆಯಲ್ಲಿದ್ದ ಇನ್ನೊಂದು ಜೋಡಿ ಪ್ಯಾಕನ್ನು ಗಟ್ಟಿ ಮಾಡಿಕೊಟ್ಟನಂತೆ. "ಮೊದಲನೇ ಹೆಂಡ್ತಿಗೆ ಸೆಖೆ ಆಗ್ತಿತ್ತು, ಈಗ ತಣ್ಣಗಿದಾಳೆ," ಎಂದು ನಕ್ಕಿದ್ದ. ಅವಳೂ ನಕ್ಕಿದ್ದಳು.

ಫ್ರೀಜರಿನಿಂದ ತೆಗೆದ ಪ್ಯಾಕನ್ನು ನೇರವಾಗಿ ಚೀಲದ ಪಕ್ಕ ಇಡುವಂತಿಲ್ಲ. ಹೊರಗಿಟ್ಟು ಕಾಯಬೇಕು. ಅಲ್ಲಾಡಿಸಿದರೆ ಒಳಗೆ ನೀರು ಕುಲುಕುವ ಸದ್ದು ಕೇಳಬೇಕು, ಆಮೇಲೆ ಇಡಬೇಕು. ಇದನ್ನು ಅವಳಿಗೆ ಹೇಳಿಕೊಟ್ಟವನೇ ಅವನು. ಅಡುಗೆಮನೆಯಲ್ಲಿ ಪ್ಯಾಕನ್ನು ಅವಳ ಕಿವಿಯ ಹತ್ತಿರ ಕುಲುಕಿಸಿ, ಕೇಳಿಸ್ತಾ, ಕೇಳಿಸ್ತಾ ಎಂದು ಪೀಡಿಸಿದ್ದ. ನೂರು ಸಲ ಸರಿಯಾಗಿ ಮಾಡಿದವನು ಸೆಖೆಗೆ ಹೆದರಿ ಅದೊಂದು ದಿನ ಕಾಯಲಿಲ್ಲ. ಚೀಲದೊಳಗೆ ಮಂಜುಗಡ್ಡೆ ಕಟ್ಟಿದರೆ ಕೋಶಗಳು ಒಡೆಯುತ್ತವೆ.

ಗೊತ್ತಿಲ್ಲದೆ ಆದದ್ದು, ಎಂದುಕೊಂಡು ಅವಳು ಆ ದಾಖಲೆಯನ್ನು ಉಳಿಸಲು ಹೋದಳು. ಈ ಹೆಸರಿನ ಕಡತ ಈಗಾಗಲೇ ಇದೆ ಎಂದು ಲ್ಯಾಪ್‌ಟಾಪ್ ಹೇಳಿತು. ತಾರೀಕು ನೋಡಿದಳು. ಅವನು ಊರಿಗೆ ಮರಳಿದ ಮಾರನೆಯ ದಿನ.

ಅಲ್ಲಿಂದ ಅವಳ ಅನುಮಾನ ದಿಕ್ಕು ಬದಲಿಸಿತು. ಮರಳಿ ಬಂದ ಮೇಲಿನ ಎರಡು ವಾರ ಅವನು ದಿನಾ ಬೆಳಿಗ್ಗೆ ಬಾಲ್ಕನಿಗೆ ಹೋಗಿ ವಾರ್ಡಿಗೆ ಫೋನ್ ಮಾಡುತ್ತಿದ್ದ. ಇನ್‌ಸ್ಪೆಕ್ಟರ್ ಎಣಿಕೆ ಬಂತಾ, ಎಂದು ಒಂದೇ ಪ್ರಶ್ನೆ. ಅವಳು ಅದನ್ನು ಅಕ್ಕರೆ ಎಂದುಕೊಂಡಿದ್ದಳು. ಎಣಿಕೆ ಒಂದು ಮೇಲೆದ್ದಿದ್ದರೆ ಅವನು ಏನೂ ಹೇಳಬೇಕಾಗಿರಲಿಲ್ಲ. ಹದಿನೈದನೆಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಸಿದುಬಿದ್ದವನು ಮತ್ತೆ ಏಳಲಿಲ್ಲ. ಅವತ್ತು ಹೇಳಲೆಂದೇ ಹತ್ತುತ್ತಿದ್ದನೇ, ಸುಮ್ಮನೆ ವಿಚಾರಿಸಲು ಹತ್ತುತ್ತಿದ್ದನೇ? ಒಳ್ಳೆಯದನ್ನು ನಂಬಲು ಅವಳ ಬಳಿ ಏನೂ ಆಧಾರವಿರಲಿಲ್ಲ.

ಅತ್ತೆ ಏನಿದೆ ಎಂದು ಕೇಳಿದರು. ಅವಳು ಮುಚ್ಚಿಡದೆ ಹೇಳಿದಳು. ಅತ್ತೆ ಬಹಳ ಹೊತ್ತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು.

"ಅಳಿಸಿಬಿಡು," ಎಂದರು ಕೊನೆಗೆ. "ಕಳೆದುಹೋಯ್ತು ಅನ್ನು ಅಂತ ಅವಳೇ ಬಾಯಿಗೆ ಮಾತು ಇಟ್ಟು ಹೋಗಿದಾಳೆ. ಗುಂಡುಕಲ್ಲಿನಂಥ ಮಗ ಹೋದ. ಹೆಸರನ್ನಾದ್ರೂ ನನಗೆ ಉಳಿಸು."

"ಆ ಮಗು?"

"ಅಲ್ಲಿ ಡಾಕ್ಟರುಗಳಿಲ್ವಾ?"

"ಅವರಿಗೆ ಗೊತ್ತಿಲ್ಲ ಅತ್ತೆ. ಗೊತ್ತಿದ್ದವರು ಇವರೊಬ್ಬರೇ."

ಅವಳು ಚಪ್ಪಲಿ ಮೆಟ್ಟಿದಳು. ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಯಲ್ಲಿ ಆ ದಾಖಲೆಯ ಎರಡು ಪ್ರತಿ ತೆಗೆಸಿದಳು. ಒಂದನ್ನು ಯಾರಾದರೂ ಹರಿದುಹಾಕಿದರೆ ಇನ್ನೊಂದಿರಲಿ ಎಂದು ಬ್ಯಾಗಿನ ತಳಕ್ಕೆ ಸೇರಿಸಿದಳು.

ಮೊದಲು ಲ್ಯಾಬಿಗೆ ಹೋಗಲಿಲ್ಲ. ವಾರ್ಡಿಗೆ ಹೋದಳು. ಗಾಜಿನಾಚೆ ಬೋಳುತಲೆಯ ಹುಡುಗಿಯೊಬ್ಬಳು ಗೋಡೆಯ ಕಡೆ ತಿರುಗಿ ಮಲಗಿದ್ದಳು. ನರ್ಸ್ ಒಳಗೆ ಹೋಗಿ ಕೈ ಚಾಚಿದರೂ ಮೂಸಿ ನೋಡಲಿಲ್ಲ.

ಅಲ್ಲಿಗೆ ಬಂದ ಡಾಕ್ಟರನ್ನು ಅವಳು ಕೇಳಿದ್ದು ಇಷ್ಟೇ: "ಲಾಗರ್ ತರೋಕೆ ನೀವು ಕಳಿಸಿದ್ರಾ?"

"ಯಾವ ಲಾಗರ್?"

ಹಾಗಾದರೆ ಮೇಡಂ ತಾವಾಗಿಯೇ ಬಂದದ್ದು. ಅವಳು ಕಾಗದ ಕೊಟ್ಟಳು. ಡಾಕ್ಟರು ನಿಂತೇ ಓದಿದರು, ಆಮೇಲೆ ಕುರ್ಚಿ ಎಳೆದುಕೊಂಡು ಮತ್ತೊಮ್ಮೆ ಓದಿದರು. ಚೀಲ ಬಂದ ದಿನ ಎಣಿಸಿದಾಗ ಜೀವಂತ ಕೋಶಗಳು ಕಡಿಮೆಯಿದ್ದವು, ದೂರದ ಪ್ರಯಾಣ ಎಂದು ಸಮಾಧಾನ ಮಾಡಿಕೊಂಡಿದ್ದೆವು ಎಂದರು. ಮೂರು ವಾರದಿಂದ ಔಷಧಿಯ ಮೇಲೆ, ಯಾವುದೋ ವೈರಸ್ಸಿನ ಮೇಲೆ ಸಂಶಯಪಡುತ್ತಾ, ಇನ್ನೊಂದು ವಾರ ಕಾಯೋಣ ಎಂದು ಅವತ್ತು ಬೆಳಿಗ್ಗೆಯಷ್ಟೇ ತೀರ್ಮಾನಿಸಿದ್ದರು.

"ಇನ್ನು ಕಾಯೋದರಲ್ಲಿ ಅರ್ಥ ಇಲ್ಲ," ಎಂದರು. "ಅವಳ ಅಪ್ಪನ ಸೆಲ್ಸ್ ಅರ್ಧ ಹೊಂದತ್ತೆ. ಅದನ್ನ ಹಾಕೋಕೆ ಇವತ್ತೇ ತಯಾರಿ ಶುರು ಮಾಡ್ತೀವಿ."

ಉಳಿಯುತ್ತಾಳಾ ಎಂದು ಅವಳು ಕೇಳಿದಳು. ಒಂದು ವಾರ ಉಳಿಯಿತು, ಅದು ದೊಡ್ಡದು ಎಂದಷ್ಟೇ ಹೇಳಿದರು. ಆಮೇಲೆ ದನಿಯನ್ನು ಮೆದು ಮಾಡಿಕೊಂಡು, ಇಂಥದ್ದು ಯಾರ ಕೈಯಲ್ಲೂ ಆಗಬಹುದು, ಪಾಪ, ಅವರಿಗೆ ಗೊತ್ತೇ ಆಗಿರಲಿಕ್ಕಿಲ್ಲ ಎಂದರು. ಆ ಮೆದುತನವನ್ನೂ ಅವಳು ನಂಬಲಿಲ್ಲ.

"ಗೊತ್ತಿತ್ತು," ಎಂದಳು. "ಹೋಗೋಕೆ ಮುಂಚೆ ಎರಡು ವಾರ ಪೂರ್ತಿ ಗೊತ್ತಿತ್ತು."

ಲ್ಯಾಬ್ ನೆಲಮಾಳಿಗೆಯಲ್ಲಿತ್ತು. ಮೇಡಂ ಕೈಗವಸು ತೊಟ್ಟು ಟ್ಯೂಬುಗಳಿಗೆ ಚೀಟಿ ಅಂಟಿಸುತ್ತಿದ್ದರು. ಅವಳ ಕೈಯಲ್ಲಿದ್ದ ಲಾಗರನ್ನು ನೋಡಿ ನಿಲ್ಲಿಸಿದರು. ಡಾಕ್ಟರಿಗೆ ತೋರಿಸಿ ಬಂದೆ ಎಂದು ಅವಳು ಹೇಳಿದಳು.

"ಕಳೆದುಹೋಗಿದ್ರೆ ಇವತ್ತು ನಿದ್ದೆ ಬರ್ತಿತ್ತು ನನಗೆ," ಎಂದರು ಮೇಡಂ.

"ಮತ್ತೆ ಯಾಕೆ ಬಂದ್ರಿ ಮನೆಗೆ?"

"ಬರದೇ ಇದ್ದಿದ್ರೂ ನಿದ್ದೆ ಬರ್ತಿರಲಿಲ್ಲ."

ಇದು ನಿಜವೋ, ಈಗ ಹೊಸೆದ ಮಾತೋ, ಅವಳಿಗೆ ತಿಳಿಯಲಿಲ್ಲ. ಅಲ್ಲೇ ಮೇಜಿನ ಮೇಲಿಡಿ, ಆಮೇಲೆ ತಗೊಳ್ತೀನಿ ಎಂದರು ಮೇಡಂ. ಅವಳು ಇಡಲಿಲ್ಲ. ಮೊದಲು ಪುಸ್ತಕದಲ್ಲಿ ಬರೆಯಿರಿ, ಅವರಿಗೆ ಕೊಟ್ಟ ದಿನವನ್ನೂ ಬರೆಯಿರಿ ಎಂದಳು. ಮೇಡಂ ಕೈಗವಸು ಕಳಚಿ, ಪುಸ್ತಕ ತೆಗೆದು, ಅವನ ಹೆಸರಿನ ಮುಂದೆ ಇಪ್ಪತ್ತೆರಡು ದಿನದ ಹಿಂದಿನ ತಾರೀಕು, ಮುಂದಿನ ಸಾಲಿನಲ್ಲಿ ವಾಪಸ್ ಬಂತು ಎಂದು ಅವತ್ತಿನ ತಾರೀಕು ಬರೆದರು. ಕೆಳಗೆ ತಮ್ಮ ಸಹಿ ಹಾಕಿದರು. ಅವಳು ಎರಡು ಸಾಲನ್ನೂ ಓದಿ ನೋಡಿದಳು.

ಆಮೇಲೆ ಮೇಡಂ ಬರಿಗೈ ಚಾಚಿದರು. ಅವಳು ಲಾಗರನ್ನು ಅದರ ಮೇಲಿಟ್ಟಳು.