ಭಾವನ ಅರ್ಧ ಬಣ್ಣ

ಸಲೂನು ನಡೆಸುತ್ತಿದ್ದ ಅವಳಿಗೆ ವರ್ಷಗಳಿಂದ ಮೈತುಂಬ ನೋವು. ಪರೀಕ್ಷೆಗಳಲ್ಲಿ ಏನೂ ಕಾಣದಿದ್ದಾಗ ಮನೆಮಂದಿ ಇದು ನಾಟಕವೆಂದೇ ತೀರ್ಮಾನಿಸಿದ್ದರು. ಕೊನೆಗೊಬ್ಬ ಡಾಕ್ಟರಮ್ಮ ಅದು ಫೈಬ್ರೊಮಯಾಲ್ಜಿಯ ಎಂಬ ಮೈನೋವಿನ ಕಾಯಿಲೆ ಎಂದು ಹೇಳಿ ಮಾತ್ರೆ ಬರೆದುಕೊಟ್ಟರು.

ಸುದ್ದಿ ಅಕ್ಕನ ಗಂಡನ ಕಿವಿಗೆ ಬಿತ್ತು. ನಿವೃತ್ತನಾದ ಮೇಲೆ ಕಂಡವರಿಗೆಲ್ಲ ಬುದ್ಧಿ ಹೇಳುವುದನ್ನೇ ಕಸುಬು ಮಾಡಿಕೊಂಡಿದ್ದ ಆಸಾಮಿ, ತಲೆಗೆ ಬಣ್ಣ ಹಚ್ಚಿಸಿಕೊಳ್ಳಲು ಬಂದು ಕುರ್ಚಿಯಲ್ಲಿ ಕಾಲು ಚಾಚಿದ.

“ಅದು ಸೆರೊಟೋನಿನ್ ಮಾತ್ರೆ ಕಣಮ್ಮ, ತಲೆಕೆಟ್ಟವರಿಗೆ ಕೊಡೋದು. ಸೆರೊಟೋನಿನ್ ಅಂದ್ರೆ ಖುಷಿ. ದಿನಾ ಕನ್ನಡಿ ಮುಂದೆ ನಗು, ನೋವು ಓಡಿಹೋಗುತ್ತೆ.”

ಮೊಬೈಲಿನಲ್ಲಿ ಎರಡು ಸಾಲು ಓದಿ ಪಂಡಿತನಾದವನ ಕಿವಿಯ ಮೇಲೆ ಕಪ್ಪು ಬಣ್ಣ ಸೋರುತ್ತಿತ್ತು. ಅವಳು ಒರೆಸಲಿಲ್ಲ.

“ಅದು ಮೈಯೊಳಗಿನ ಒಂದು ರಾಸಾಯನಿಕ, ಖುಷಿಗಷ್ಟೇ ಅಲ್ಲ ಭಾವ. ಬೆನ್ನುಹುರಿಯಲ್ಲಿ ನೋವಿನ ಸದ್ದು ತಗ್ಗಿಸೋಕೂ ಅದು ಬೇಕಂತೆ. ನನ್ನಲ್ಲಿ ಆ ಕೆಲಸ ಸರಿಯಾಗಿ ನಡೀತಿಲ್ಲವೇನೋ ಅಂದ್ರು. ಡಾಕ್ಟರೇ ‘ಏನೋ’ ಅಂತಾರೆ, ನಿಮಗೆ ಮಾತ್ರ ಎಲ್ಲ ಗೊತ್ತು.”

“ಸೋಮಾರಿತನಕ್ಕೂ ಈಗ ದೊಡ್ಡ ಹೆಸರು!” ಎಂದು ಹಲ್ಲುಕಿರಿದು ಅವಳ ತೋಳಿಗೆ ಗುದ್ದಿದ.

ನೋವಿಗೆ ಅವಳಿಗೆ ಕಣ್ಣು ಕತ್ತಲಿಟ್ಟಿತು. ಬ್ರಷ್ಷನ್ನು ಬಟ್ಟಲಿಗೆ ಎಸೆದು, ಅವನ ಕುತ್ತಿಗೆಯ ಬಟ್ಟೆ ಬಿಚ್ಚಿದಳು.

“ಏನಮ್ಮ, ಇನ್ನೂ ಅರ್ಧ ತಲೆ ಇದೆಯಲ್ಲ?”

“ಸೋಮಾರಿ ಅಲ್ವಾ ಭಾವ, ಕೈಲಾಗಲ್ಲ. ಮನೆಗೆ ಹೋಗಿ ನಗ್ತಾ ಕೂತ್ಕೊಳ್ಳಿ, ಉಳಿದದ್ದು ತಾನಾಗೇ ಕಪ್ಪಾಗುತ್ತೆ.”

ಕಾಯುತ್ತಿದ್ದ ಗಿರಾಕಿಗಳೆಲ್ಲ ಘೊಳ್ಳೆಂದರು. ಅವನು ಬುಸುಗುಡುತ್ತಾ ಬೀದಿಗಿಳಿದ.

ಮಾತ್ರೆಯಿಂದ ನೋವು ಪೂರ್ತಿ ಹೋಗಲಿಲ್ಲ, ಆದರೆ ನಿಧಾನವಾಗಿ ಕತ್ತರಿ ಹಿಡಿಯುವಷ್ಟು ತಗ್ಗಿತು. ಭಾವ ಮತ್ತೆ ಸಲೂನಿನತ್ತ ತಲೆ ಹಾಕಲಿಲ್ಲ. ಅದರಿಂದಾದ ಸುಖ ಮಾತ್ರೆಗಿಂತ ಹೆಚ್ಚೆಂದು ಅವಳು ಅಕ್ಕನೆದುರೇ ಹೇಳಿದಳು.